ಪಾಸಿಂಗ್ ಪ್ಯಾಕೇಜ್ ಸಾಹೇಬರಿಗೊಂದು ಬಹಿರಂಗ ಪತ್ರ

ಇವರಿಗೆ,
ಶ್ರೀಮಾನ್ ಪಾಸಿಂಗ್ ಪ್ಯಾಕೇಜ್ ಅವರು,
ಎಸ್ಸೆಸ್ಸೆಲ್ಸಿ ಗಣಿತ ಮತ್ತು ವಿಜ್ಞಾನ,
ಊರೂರಿನ ಜೆರಾಕ್ಸ್ ಅಂಗಡಿ.

ಮಾನ್ಯರೇ,

ಡಿಸೆಂಬರ್ ಬಂತು, ಪಾಸಾಗಲು ಬೇಕಾದಷ್ಟನ್ನೇ ಹೊತ್ತು ತಾವೂ ದಯಮಾಡಿಸಿದಿರಿ. ಜೂನ್‌ನಿಂದ ನಾನು ಹೆಣಗುತ್ತಿದ್ದ ದಪ್ಪ ಪಠ್ಯಪುಸ್ತಕಗಳನ್ನು ತಮ್ಮ ತೆಳ್ಳನೆಯ ಮೈ ಒಂದೇ ದಿನದಲ್ಲಿ ಬೀರುವಿಗೆ ಅಟ್ಟಿತು. ಇನ್ನು ಪರೀಕ್ಷೆವರೆಗೆ ಪಾಠ ತಮ್ಮದು, ಪುಟ ತಿರುವುವ ಕೆಲಸ ನನ್ನದು.

ನಾನು ಪಿಸಿಎಂ ಮೇಷ್ಟ್ರು, ಅಂದರೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದವನು. ಸಿಬಿಜೆಡ್ ಮೇಡಂ ವರ್ಗವಾಗಿ ಹೋದಮೇಲೆ ಜೀವಶಾಸ್ತ್ರವೂ ನನ್ನ ಹೆಗಲಿಗೇ ಬಿದ್ದಿದೆ. ತಾವಿರುವಾಗ ಭಯವೇನು? ಹೃದಯ, ಮೆದುಳು, ನೆಫ್ರಾನ್, ಹೂವಿನ ನೀಳಛೇದ ಎಲ್ಲವನ್ನೂ ಮಕ್ಕಳು ಕಣ್ಣು ಮುಚ್ಚಿ ಬಿಡಿಸುತ್ತಾರೆ. ಮೊನ್ನೆ ಮಾತ್ರ ಕಡಿಮೆ ಅಂಕದವರ ಸಿ ಗುಂಪಿನ ಹುಡುಗಿಯೊಬ್ಬಳು ಪೆನ್ಸಿಲ್ ಕೆಳಗಿಟ್ಟು, “ಸಾರ್, ಎಡ ಹೃತ್ಕುಕ್ಷಿ ಅಂತ ಚಿತ್ರದ ಬಲಗಡೆ ಬರೀತೀವಲ್ಲ, ಯಾಕೆ? ಅದರ ಗೋಡೆ ಮಾತ್ರ ಅಷ್ಟು ದಪ್ಪ ಯಾಕೆ?” ಎಂದು ಕೇಳಿಬಿಟ್ಟಳು. ಎದುರಿಗೆ ನಿಂತವರ ಎದೆಯನ್ನು ನೋಡಿ ಬರೆದ ಚಿತ್ರ ಅದು, ಆ ಕೋಣೆ ಇಡೀ ಮೈಗೆ ರಕ್ತ ತಳ್ಳಬೇಕು, ಪಕ್ಕದ್ದು ಶ್ವಾಸಕೋಶದವರೆಗೆ ತಳ್ಳಿದರೆ ಮುಗಿಯಿತು. ಐದು ನಿಮಿಷದ ಮಾತು. ಅಷ್ಟು ಹೊತ್ತಿಗೆ ಇನ್ನೊಂದು ಸಲ ನೆಫ್ರಾನ್ ಬರೆಸಬಹುದಲ್ಲ! “ಅದು ಪ್ಯಾಕೇಜಲ್ಲಿಲ್ಲಮ್ಮ, ಚಿತ್ರ ಮುಗಿಸು” ಎಂದು ತಮ್ಮ ಮರ್ಯಾದೆ ಉಳಿಸಿದೆ.

ಈ ಹುಡುಗಿ ದಿನಾ ಡೇರಿಗೆ ಹಾಲು ಹಾಕಿ, ಫ್ಯಾಟ್ ನೋಡಿ, ಬಟವಾಡೆಯಲ್ಲಿ ಎಷ್ಟು ರೂಪಾಯಿ ಕಡಿಮೆ ಬಂತೆಂದು ಬಾಯಲ್ಲೇ ಲೆಕ್ಕ ಹೇಳುವವಳು. ನಮ್ಮ ದಾಖಲೆಯಲ್ಲಿ ಆಕೆ ನಿಧಾನಗತಿಯ ಕಲಿಕಾರ್ಥಿ. ಹಾಗಾಗಿ ನಾನು ಅವಳನ್ನು ದತ್ತು ತೆಗೆದುಕೊಂಡಿದ್ದೇನೆ. ಗಾಬರಿ ಬೇಡ, ಇದು ಫಲಿತಾಂಶ ಸುಧಾರಣೆಯ ದತ್ತು. ಬೆಳಗಿನ ಜಾವ ಐದಕ್ಕೆ ಫೋನ್ ಮಾಡಿ ಓದಲು ಎಬ್ಬಿಸಬೇಕು. ಅಷ್ಟು ಹೊತ್ತಿಗೆ ಅವಳು ಹಾಲು ಕರೆಯಲು ಕೂತಿರುತ್ತಾಳೆ. ಎಷ್ಟೋ ದಿನ ಅವಳೇ ಫೋನ್ ಮಾಡಿ ನನ್ನನ್ನು ಎಬ್ಬಿಸಿದ್ದುಂಟು.

ಗಣಿತದಲ್ಲಂತೂ ತಮ್ಮ ಮಹಿಮೆ ಅಪಾರ. 2x + y = 6, 2x − y = 2 ಎಂದು ಕೊಟ್ಟು ನಕ್ಷೆ ಬರೆಯಿರಿ ಎನ್ನುತ್ತೀರಿ. ಗೆರೆಗಳು (2, 2)ರಲ್ಲೇ ಸೇರುತ್ತವೆಂದು ಹಿಂದಿನ ಬೆಂಚಿನವನಿಗೂ ಬಾಯಿಪಾಠ. ಮೊದಲು ಬಿಂದು ಇಟ್ಟುಕೊಂಡು ಆಮೇಲೆ ಎರಡು ಗೆರೆಗಳನ್ನು ಅದರ ಮೇಲೆ ಹಾಯಿಸುತ್ತಾನೆ. ಥೇಲ್ಸ್ ಪ್ರಮೇಯದ ಸಾಧನೆಯೂ ಹಾಗೇ, ಮಂತ್ರ ಹೇಳಿದ ಹಾಗೆ ಸರಾಗ. ತ್ರಿಭುಜಕ್ಕೆ ಎಬಿಸಿ ಬದಲು ಪಿಕ್ಯೂಆರ್ ಎಂದು ಹೆಸರಿಟ್ಟರೆ ಮಾತ್ರ ಮಂತ್ರ ನಿಂತುಹೋಗುತ್ತದೆ.

ಜುಲೈನಲ್ಲಿ, ತಾವಿಲ್ಲದ ಹೊತ್ತು ನೋಡಿ, ಒಂದು ಮೆಗ್ನೀಸಿಯಂ ಪಟ್ಟಿ ಉರಿಸಿದ್ದೆ. ಕಣ್ಣು ಕುಕ್ಕುವ ಬಿಳಿ ಬೆಳಕು! ಇಡೀ ತರಗತಿ ಎದ್ದು ಮೇಜಿನ ಸುತ್ತ ಮುತ್ತಿಕೊಂಡಿತು. ಉಳಿದ ಬೂದಿ ಏನೆಂದು ನಾಲ್ವರು ಒಟ್ಟಿಗೇ ಕೇಳಿದರು, ಪಕ್ಕದ ತರಗತಿಯಿಂದ ಗಲಾಟೆಯ ದೂರೂ ಬಂತು. ಈಗ ಬೆಂಕಿಯಿಲ್ಲ, ಹೊಗೆಯಿಲ್ಲ, ಸಮೀಕರಣ ಸರಿದೂಗಿಸಿದರೆ ಸಾಕು. ಪ್ರಶ್ನಿಸದೆ ಏನನ್ನೂ ಒಪ್ಪಬೇಡಿ ಎನ್ನುತ್ತಿದ್ದ ಭೌತಶಾಸ್ತ್ರದ ಮೇಷ್ಟ್ರು ಎಚ್. ನರಸಿಂಹಯ್ಯನವರ ಫೋಟೊ ಲ್ಯಾಬಿನ ಗೋಡೆಯ ಮೇಲಿದೆ. ಲ್ಯಾಬಿಗೆ ಬೀಗವಿರುವುದರಿಂದ ಯಾರಿಗೂ ತೊಂದರೆಯಿಲ್ಲ.

ಇನ್ನು ಅಂಕ. ಬರವಣಿಗೆಗೆ 80, ಆಂತರಿಕಕ್ಕೆ 20. ಆ 20ರಲ್ಲಿ ಯಾರಿಗಾದರೂ 15 ಕೊಟ್ಟರೆ ಮಗುವಿಗಿಂತ ಮೇಷ್ಟ್ರ ಮೇಲೇ ಅನುಮಾನ ಬರುತ್ತದೆ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು, ಫಲಿತಾಂಶ ಕುಸಿಯಿತು, ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿದರು. ಕ್ಯಾಮೆರಾ ಕಿತ್ತುಕೊಂಡಿದ್ದನ್ನು ಕೃಪೆ ತುಂಬಿಕೊಟ್ಟಿತು.

ಇಷ್ಟಾದರೂ ತಮ್ಮನ್ನು ಬೈಯಲು ನನಗೆ ನಾಲಿಗೆ ಏಳದು. ಆ ಹುಡುಗಿ ಪಾಸಾದರೆ ತಾಲ್ಲೂಕಿನ ಪಿಯು ಕಾಲೇಜು, ಇಲ್ಲವಾದರೆ ಮದುವೆಯ ಮಾತು ಆಗಲೇ ಶುರುವಾಗಿದೆ. ತಮ್ಮ ನಾಲ್ಕು ಚಿತ್ರ, ಒಂದು ಪ್ರಮೇಯ ಅವಳನ್ನು ದಡ ಮುಟ್ಟಿಸಿದರೆ ನಾನೇ ಹಾರ ತರುತ್ತೇನೆ. ಭಿನ್ನರಾಶಿ ಕೂಡಲು ಬಾರದ ಮಕ್ಕಳನ್ನು ಎಂಟನೇ ತರಗತಿಗೆ ತಳ್ಳಿದವರು, ಮೇಡಂ ಜಾಗ ತುಂಬದವರು, ಶೇಕಡಾವಾರು ಕಡಿಮೆಯಾಯಿತೆಂದು ಮೇ ತಿಂಗಳಲ್ಲಿ ನನಗೇ ನೋಟಿಸ್ ಕಳಿಸುವವರು ಬೇರೆ ಇದ್ದಾರೆ. ಅವರು ಜೆರಾಕ್ಸ್ ಅಂಗಡಿಯಲ್ಲಿ ಸಿಗುವವರಲ್ಲ.

ಕೊನೆಯದಾಗಿ ಒಂದು ಬಿನ್ನಹ. ತಮ್ಮನ್ನು ಮುಂದಿನ ವರ್ಷದಿಂದ ಒಂಬತ್ತನೇ ತರಗತಿಗೂ ತರಿಸಬೇಕೆಂದು ಹೆಡ್‌ಮಾಸ್ಟರು ಹೇಳಿದ್ದಾರೆ. ದಯವಿಟ್ಟು ಬೇಗ ಬನ್ನಿ. ಅಲ್ಲಿ ಇನ್ನೂ ಕೆಲವರು ಪಾಠದ ಮಧ್ಯೆ ಕೈ ಎತ್ತುತ್ತಿದ್ದಾರೆ.

ಇಂತಿ ತಮ್ಮ ವಿಧೇಯ,
ಒಬ್ಬ ಪಿಸಿಎಂ ಮೇಷ್ಟ್ರು (ಹೆಚ್ಚುವರಿ ಪ್ರಭಾರ: ಸಿಬಿಜೆಡ್)