ಇಪ್ಪತ್ತೊಂದೇ, ಇಪ್ಪತ್ತೆರಡಿಲ್ಲ

ಈ ಸಲದ ಅತಿಥಿ, ಅಂಗವಿಕಲರ ಹಕ್ಕುಗಳ ಕಾಯ್ದೆಯ ಬಾಲಕ್ಕೆ ಕಟ್ಟಿರುವ ಅನುಸೂಚಿ. 2016ರಲ್ಲಿ ಜನನ, 2017ರ ಏಪ್ರಿಲ್ 19ರಿಂದ ಅಧಿಕಾರ, ಮೈತುಂಬ 21 ಬಗೆಯ ವೈಕಲ್ಯಗಳ ಹೆಸರು. ಇವರಿಗಿಂತ ಮೊದಲು, 1995ರ ಕಾಯ್ದೆಯಲ್ಲಿ, ಏಳೇ ಹೆಸರುಗಳಿದ್ದವು. ತುಮಕೂರಿನ ಜಿಲ್ಲಾಸ್ಪತ್ರೆಯಲ್ಲೂ ಗುಬ್ಬಿಯ ಸೈಬರ್ ಸೆಂಟರಿನಲ್ಲೂ ಕುಣಿಗಲ್ಲಿನ ನಾಡಕಚೇರಿಯಲ್ಲೂ ಏಕಕಾಲಕ್ಕೆ ಹಾಜರಿರುವವರಾದ್ದರಿಂದ ಭೇಟಿಗೆ ಸಮಯ ಕೇಳುವ ಕಷ್ಟವಿರಲಿಲ್ಲ. ಬಯಾಪ್ಸಿ ವರದಿ ಹಿಡಿದು ‘ಅಂಗವಿಕಲರ ಕಾರ್ಡು’ ಮಾಡಿಸಲು ಬಂದವರಿಗೆ ಮೊದಲು ಎದುರಾಗುವುದು ಇವರೇ. ಆ ಕಾರ್ಡಿನ ಯುಡಿಐಡಿ ಅರ್ಜಿಯಲ್ಲಿ ವೈಕಲ್ಯದ ವಿಧ ಯಾವುದು ಎಂದು ಕೇಳುವ ಜಾಗದಲ್ಲಿ ಒತ್ತಿದರೆ ಸರ್ರನೆ ಕೆಳಗಿಳಿದು ಬರುತ್ತಾರೆ. ಕ್ಯಾನ್ಸರ್ ಎಂಬ ಸಾಲು ಮಾತ್ರ ಎಷ್ಟು ಹುಡುಕಿದರೂ ಸಿಗುವುದಿಲ್ಲ.

ಪ್ರಶ್ನೆ: ಜನ ನಿಮ್ಮನ್ನು ಇವತ್ತಿಗೂ ಕರೆಯುವುದು ‘ಅಂಗವಿಕಲರ ಲಿಸ್ಟು’ ಎಂದೇ. ಸ್ತನವೋ ಗರ್ಭಕೋಶವೋ ಹೋದ ಮೇಲೂ ‘ಅಂಗ’ ಎಂಬ ಮಾತಿಗೆ ಇನ್ನೇನು ಸಾಕ್ಷಿ ಬೇಕು?

ಪಟ್ಟಿ: ನೋಡಿ ಸ್ವಾಮಿ, ನಿಘಂಟಿನ ಅಂಗ ಬೇರೆ, ಗೆಜೆಟ್ಟಿನ ಅಂಗ ಬೇರೆ. ನನಗೆ ಗೊತ್ತಿರುವುದು ಕಣ್ಣು, ಕಿವಿ, ಮಾತು, ಕೈಕಾಲು, ಬುದ್ಧಿ, ಮನಸ್ಸು, ನರ, ಸ್ವಲ್ಪಮಟ್ಟಿಗೆ ರಕ್ತ. ಹಾಗಂತ ಕ್ಯಾನ್ಸರಿನವರನ್ನು ಹೊಸ್ತಿಲು ದಾಟಿಸಿಯೇ ಇಲ್ಲ ಅನ್ನಬೇಡಿ. ಮೂಳೆಯ ಗಡ್ಡೆಗೆ ಕಾಲು ಕತ್ತರಿಸಿದರೆ ಚಲನವೈಕಲ್ಯದ ಸಾಲಿಗೆ ಬರಲಿ. ಧ್ವನಿಪೆಟ್ಟಿಗೆ ತೆಗೆದಿದ್ದರೆ ವಾಕ್ ಮತ್ತು ಭಾಷಾ ವೈಕಲ್ಯದ ಸಾಲಿಗೆ ಬರಲಿ. ಲ್ಯಾರಿಂಜೆಕ್ಟಮಿ ಎಂಬ ಪದವನ್ನೇ ನನ್ನೊಳಗೆ ಬರೆದಿದ್ದಾರೆ. ಕ್ಯಾನ್ಸರು ತಿಂದು ಮುಗಿಸಿದ್ದನ್ನು ನಾನು ಅಳೆಯುತ್ತೇನೆ. ಇನ್ನೂ ತಿನ್ನುತ್ತಿರುವುದನ್ನು ಅಳೆಯುವ ಕೋಲು ನನ್ನಲ್ಲಿಲ್ಲ.

ಪ್ರಶ್ನೆ: ತಕರಾರು ಇರುವುದೇ ಆ ಕೋಲಿನ ಬಗ್ಗೆ. ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯುವ ಶಸ್ತ್ರಚಿಕಿತ್ಸೆ ಬಹುಪಾಲು ನಡೆಯುವುದು ಗಂಟಲ ಕ್ಯಾನ್ಸರಿಗೇ. ಹಿತ್ತಲ ಬಾಗಿಲಿನಿಂದ ನೀವು ಒಳಗೆ ಬಿಟ್ಟುಕೊಂಡವರನ್ನೇ ಮುಂಬಾಗಿಲಲ್ಲಿ ‘ಯಾರು ನೀವು’ ಎಂದು ಕೇಳುತ್ತಿದ್ದೀರಿ. ದನಿ ಹೋದರೆ ಬದುಕು ಹೋದಂತೆ ಎಂದು ಗುಬ್ಬಿ ವೀರಣ್ಣನವರ ಊರಿಗೆ ಯಾರೂ ಹೇಳಿಕೊಡಬೇಕಿಲ್ಲ, ಸರಿ. ಆದರೆ ಅದೇ ಗುಬ್ಬಿಯ ಅಡಿಕೆ ಮಂಡಿಗೆ ಸುಲಿಯಲು ಹೋಗುವ ಹೆಂಗಸಿಗೆ ಕಿಮೋ ಶುರುವಾದರೆ ಹೋಗುವುದು ಬೆಳಗಿನಿಂದ ಸಂಜೆವರೆಗೆ ಕೂರುವ ತ್ರಾಣ. ಹಲವು ಕಿಮೋ ಔಷಧಿಗಳ ಸರದಿ 21 ದಿನಕ್ಕೊಮ್ಮೆ, ನಿಮ್ಮ ಸಂಖ್ಯೆಯೇ ನೋಡಿ. ಒಂದು ಸರದಿಯ ಸುಸ್ತು ಇಳಿದು ಊಟ ಸೇರುವ ಹೊತ್ತಿಗೆ ಮುಂದಿನದು ಬಂದಿರುತ್ತದೆ. ಕೂಲಿ ನಿಲ್ಲುವುದು ಆ ತಿಂಗಳುಗಳಲ್ಲಿ, ಸಾಲ ಏರುವುದೂ ಆಗಲೇ. ಕುಣಿಗಲ್ಲಿನ ಕುದುರೆ ಫಾರಂನಲ್ಲಿ ಕಾಲು ನಾಲ್ಕಿವೆಯೇ ಎಂದಷ್ಟೇ ಎಣಿಸಿ ಯಾರೂ ಕುದುರೆಗೆ ಬೆಲೆ ಕಟ್ಟುವುದಿಲ್ಲ, ಓಡಿಸಿ ನೋಡುತ್ತಾರೆ. ನಿಮ್ಮನ್ನು ಹೆತ್ತ ಕಾಯ್ದೆಯೂ ಅದನ್ನೇ ಹೇಳುತ್ತದೆ: ದೀರ್ಘಕಾಲದ ಊನವು ಸುತ್ತಲಿನ ಅಡೆತಡೆಗಳೊಡನೆ ಸೇರಿ ಒಬ್ಬರು ಇತರರ ಸಮಕ್ಕೆ ಸಮಾಜದಲ್ಲಿ ಪಾಲ್ಗೊಳ್ಳುವುದನ್ನು ತಡೆದರೆ ಅದು ವೈಕಲ್ಯ. ತಾಯಿಯ ಮಾತು ಅಷ್ಟು ವಿಶಾಲ, ಮಗುವಿನ ಮುಷ್ಟಿ ಇಷ್ಟು ಬಿಗಿ.

ಪಟ್ಟಿ: ರೋಗ ಬೇರೆ, ವೈಕಲ್ಯ ಬೇರೆ. ಇವತ್ತು ಕ್ಯಾನ್ಸರ್ ಅನ್ನುತ್ತೀರಿ, ನಾಳೆ ಹೃದಯ, ನಾಡಿದ್ದು ಕಿಡ್ನಿ. ನಾನು ಪಟ್ಟಿ ಸ್ವಾಮಿ, ಪಂಚಾಂಗವಲ್ಲ.

ಪ್ರಶ್ನೆ: ಈ ವಾದಕ್ಕೆ ಉತ್ತರ ನಿಮ್ಮ ಮೈಮೇಲೆಯೇ ಬರೆದಿದೆ, ಕನ್ನಡಿ ನೋಡಿಕೊಳ್ಳಿ. ಪಾರ್ಕಿನ್‌ಸನ್ಸ್ ರೋಗವಲ್ಲವೇ? ಮಲ್ಟಿಪಲ್ ಸ್ಕ್ಲೆರೋಸಿಸ್? ಹಿಮೋಫಿಲಿಯಾ, ಥಲಸ್ಸೀಮಿಯಾ, ಸಿಕಲ್ ಸೆಲ್ ಮೂರೂ ರಕ್ತದ ಕಾಯಿಲೆಗಳೇ. ಥಲಸ್ಸೀಮಿಯಾದ ಮಗುವಿಗೆ ಕೈಕಾಲು ಕಣ್ಣು ಕಿವಿ ಎಲ್ಲ ನೆಟ್ಟಗಿರಬಹುದು. ಆದರೂ ಮತ್ತೆ ಮತ್ತೆ ರಕ್ತ ಏರಿಸಿಕೊಳ್ಳುತ್ತ ಬದುಕಬೇಕಾದವರ ಬಾಳು ಎಲ್ಲರ ಬಾಳಿನಂತಲ್ಲ ಎಂದು ಸಂಸತ್ತು ಒಪ್ಪಿತು, ಒಳ್ಳೆಯದನ್ನೇ ಮಾಡಿತು. ಒಪ್ಪಿದ ಮೇಲೆ ‘ರೋಗಕ್ಕೆ ಇಲ್ಲಿ ಜಾಗವಿಲ್ಲ’ ಎನ್ನುವ ಹಕ್ಕು ನಿಮಗೆ ಉಳಿಯುವುದಿಲ್ಲ. ಯಾವ ರೋಗಕ್ಕೆ, ಎಷ್ಟು ಕಾಲಕ್ಕೆ ಎಂಬ ಪ್ರಶ್ನೆ ಮಾತ್ರ ಉಳಿಯುತ್ತದೆ. ಕಿಡ್ನಿಯವರು ಬಂದರೆ ಅವರ ವಾದವನ್ನೂ ಕೇಳೋಣ. ಸಾಲಿನಲ್ಲಿ ಹಿಂದೆ ಇನ್ನೊಬ್ಬರು ನಿಂತಿದ್ದಾರೆಂದು ಮುಂದಿನವರನ್ನು ಮನೆಗೆ ಕಳಿಸುವ ಪದ್ಧತಿ ರೇಷನ್ ಅಂಗಡಿಯಲ್ಲೂ ಇಲ್ಲ. ಅಂದಹಾಗೆ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಒಂದನೇ ಗುಂಪಿಗೆ ಹಾಕಿತು. ಆ ತೀರ್ಮಾನದ ಬಗ್ಗೆ ನಮ್ಮ ತೋಟಗಾರರಿಗೆ ಸಿಟ್ಟಿದೆ, ಅದು ಬೇರೆ ಜಗಳ. ಅಡಿಕೆಗೆ ಒಂದು ಪಟ್ಟಿಯಲ್ಲಿ ಜಾಗ ಸಿಕ್ಕಿತು, ಬಾಯಿ ಹುಣ್ಣಾದವನಿಗೆ ಇನ್ನೊಂದರಲ್ಲಿ ಸಿಗಲಿಲ್ಲ.

ಪಟ್ಟಿ: ಕ್ಯಾನ್ಸರ್ ವಾಸಿಯಾಗುತ್ತೆ ಅಂತ ಬಸ್ ಸ್ಟ್ಯಾಂಡಿನ ಗೋಡೆಗೂ ಬರೆಸಿದ್ದಾರೆ. ವಾಸಿಯಾಗುವವರಿಗೆ ಜೀವಮಾನದ ಕಾರ್ಡು ಯಾಕೆ?

ಪ್ರಶ್ನೆ: ಜೀವಮಾನದ್ದು ಯಾರೂ ಕೇಳಿಲ್ಲ. ಇಂತಿಷ್ಟು ಕಾಲ ಎಂದು ನಮೂದಿಸಿ ತಾತ್ಕಾಲಿಕ ಪ್ರಮಾಣಪತ್ರ ಕೊಡುವ ದಾರಿ ನಿಮ್ಮ ನಿಯಮಗಳಲ್ಲೇ ಇದೆ. ಆರಂಭದ ಹಂತದಲ್ಲೇ ಸಿಕ್ಕ ಥೈರಾಯ್ಡ್ ಗಡ್ಡೆಯವರು ಕೆಲವೇ ವಾರಗಳಲ್ಲಿ ಕೆಲಸಕ್ಕೆ ಮರಳಬಹುದು, ಅವರಿಗೂ ಕಡೆಯ ಹಂತದವರಿಗೂ ಒಂದೇ ಅಳತೆ ಹಾಕಬೇಕೆಂದು ಯಾರಾದರೂ ಹೇಳಿದರೆ ನಾನು ನಿಮ್ಮ ಪಕ್ಷ. ಕೇಳುತ್ತಿರುವುದು ಇಷ್ಟು: ಚಿಕಿತ್ಸೆ ನಡೆಯುವ ಅವಧಿಗೆ ಕಾರ್ಡು, ಮುಗಿದ ಮೇಲೆ ಮರುಪರೀಕ್ಷೆ. ಬ್ರಿಟನ್ನಿನ 2010ರ ಸಮಾನತೆ ಕಾಯ್ದೆಯಲ್ಲಿ ಕ್ಯಾನ್ಸರ್ ಪತ್ತೆಯಾದ ದಿನದಿಂದಲೇ ಆ ವ್ಯಕ್ತಿಗೆ ವೈಕಲ್ಯವುಳ್ಳವರ ರಕ್ಷಣೆ ಸಿಗುತ್ತದೆ. ಅದು ತಾರತಮ್ಯದ ವಿರುದ್ಧದ ರಕ್ಷಣೆಯೇ ಹೊರತು ಪಿಂಚಣಿಯಲ್ಲ, ಆದರೂ ದಿನಾಂಕವನ್ನು ಎಲ್ಲಿಂದ ಎಣಿಸಬೇಕು ಎಂಬ ವಿವೇಕ ಅದರಲ್ಲಿದೆ. ನಮ್ಮಲ್ಲಿ ಎಣಿಕೆ ಉಲ್ಟಾ. ಅರ್ಜಿ ಹಾಕಿದ ಒಂದು ತಿಂಗಳಲ್ಲಿ ಪ್ರಮಾಣಪತ್ರ ಕೊಡಬೇಕೆಂದಿದ್ದ ನಿಯಮವನ್ನು 2024ರ ತಿದ್ದುಪಡಿ ಮೂರು ತಿಂಗಳಿಗೆ ಎಳೆಯಿತು. ಮೂರು ತಿಂಗಳೆಂದರೆ ನಾಲ್ಕು ಕಿಮೋ. ಶಾಶ್ವತ ಊನ ಖಚಿತವಾಗಲಿ ಎಂದು ಕಾಯುವ ನಿಯಮಕ್ಕೆ ಕೆಲವರ ವಿಷಯದಲ್ಲಿ ಖಚಿತವಾಗಿ ಸಿಗುವುದು ಮರಣ ಪ್ರಮಾಣಪತ್ರ. ಅದನ್ನು ಮಾತ್ರ ನಮ್ಮ ಕಚೇರಿಗಳು ಬೇಗ ಕೊಡುತ್ತವೆ.

ಪಟ್ಟಿ: ಚಿಕಿತ್ಸೆಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಇದೆ, ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಬೆಂಗಳೂರಲ್ಲಿ ಕಿದ್ವಾಯಿ ಇದೆ. ಇನ್ನೂ ಏನು?

ಪ್ರಶ್ನೆ: ಆ ಹಣ ಆಸ್ಪತ್ರೆಗೆ ಹೋಗುತ್ತದೆ, ಹೋಗಬೇಕಾದ್ದೇ. ಮನೆಯ ಒಲೆಗೆ ಬರುವುದಿಲ್ಲ. ಗುಬ್ಬಿಯಿಂದ ತುಮಕೂರಿಗೆ ಇಪ್ಪತ್ತು, ಅಲ್ಲಿಂದ ಬೆಂಗಳೂರಿಗೆ ಎಪ್ಪತ್ತು ಕಿಲೋಮೀಟರ್. ಶಕ್ತಿ ಯೋಜನೆ ಬಂದ ಮೇಲೆ ಹೆಂಗಸಿಗೆ ಟಿಕೆಟ್ಟಿಲ್ಲ. ಜೊತೆಗೆ ಹೋಗುವ ಗಂಡನಿಗೆ ಇದೆ, ಆವತ್ತು ಅವನ ಕೂಲಿಯೂ ಇಲ್ಲ. ವಿಚಿತ್ರವೆಂದರೆ ಸರ್ಕಾರಕ್ಕೆ ಕ್ಯಾನ್ಸರ್ ಎಂಬ ಪದ ಗೊತ್ತಿಲ್ಲದೇ ಇಲ್ಲ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ರೈಲ್ವೆ ಸ್ಲೀಪರ್ ಬೋಗಿಯಲ್ಲಿ ಪೂರ್ತಿ, ಜೊತೆಗಾರರಿಗೆ ಮುಕ್ಕಾಲು ರಿಯಾಯಿತಿ ಕೊಡುತ್ತದೆ, ಶೇಕಡಾವಾರು ಲೆಕ್ಕ ಕೇಳುವುದಿಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ 80 ಡಿಡಿಬಿ ಸೆಕ್ಷನ್ ಕ್ಯಾನ್ಸರಿನ ವೆಚ್ಚಕ್ಕೆ ವಿನಾಯಿತಿ ಇಟ್ಟಿತು. ತೆರಿಗೆ ಕಟ್ಟುವಷ್ಟು ಸಂಪಾದನೆ ಇರುವವನ ಕ್ಯಾನ್ಸರ್ ಸರ್ಕಾರದ ಕಣ್ಣಿಗೆ ಬೀಳುತ್ತದೆ. ಮಂಡಿಯ ಕೂಲಿಯವಳದು ಅಂಗವಿಕಲರ 800 ರೂಪಾಯಿಯ ಮಾಸಾಶನದ ಮುಂದೆ ಬಂದಾಗ ಕಾಣದಾಗುತ್ತದೆ.

ಪಟ್ಟಿ: (ಇಲ್ಲಿ ಮೊದಲ ಸಲ ದನಿ ತಗ್ಗಿಸಿ) ಇದು ನನ್ನ ಮಾತಲ್ಲ, ನನ್ನೊಳಗಿರುವವರ ಮಾತು. ಕುರುಡರು, ಕಿವುಡರು, ಪೋಲಿಯೊದವರು ಹತ್ತಾರು ವರ್ಷ ಹೋರಾಡಿ ಪಡೆದದ್ದು ಇದು. ಸರ್ಕಾರಿ ನೌಕರಿಯಲ್ಲಿ ಶೇ. 4, ಉನ್ನತ ಶಿಕ್ಷಣದಲ್ಲಿ ಶೇ. 5. ಏಳು ಹೆಸರು ಇಪ್ಪತ್ತೊಂದಾದಾಗಲೇ ಅವರ ತಟ್ಟೆ ಹರವಾಯಿತು, ಅನ್ನ ಆ ಪ್ರಮಾಣದಲ್ಲಿ ಹೆಚ್ಚಲಿಲ್ಲ. ಇನ್ನಷ್ಟು ಜನ ಕೂತರೆ?

ಪ್ರಶ್ನೆ: ನೀವು ಹೇಳಿದ ಮಾತುಗಳಲ್ಲಿ ತೂಕವಿರುವುದು ಇದಕ್ಕೇ. ಹುಟ್ಟುಕುರುಡನ ನೌಕರಿಯ ಪಾಲನ್ನು ಆರು ತಿಂಗಳ ಕಿಮೋ ಪಡೆದು ಚೇತರಿಸಿಕೊಂಡವರು ಹಂಚಿಕೊಳ್ಳುವುದು ನ್ಯಾಯವಲ್ಲ. ಆದರೆ ಮೀಸಲಾತಿ ಒಂದು ಪಾತ್ರೆ, ಮಾಸಾಶನ ಇನ್ನೊಂದು. ಎರಡಕ್ಕೂ ಒಂದೇ ಸೌಟು ಹಾಕಬೇಕೆಂಬ ಕಟ್ಟಳೆ ಇಲ್ಲ. ಸರ್ಕಾರವೇ ಬೇರೆ ಬೇರೆ ಸೌಟು ಹಿಡಿದ ನಿದರ್ಶನಗಳಿವೆ. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡದ ಎಂಡೋಸಲ್ಫಾನ್ ಸಂತ್ರಸ್ತರಿಗೆ ಕರ್ನಾಟಕ ಮಾಸಾಶನ ಕೊಡುವಾಗ ಕನಿಷ್ಠ ಇಷ್ಟು ವೈಕಲ್ಯ ಇರಬೇಕೆಂಬ ನಿಮ್ಮ ಪವಿತ್ರ ಶೇ. 40ನ್ನು ಪಕ್ಕಕ್ಕಿಟ್ಟು ಶೇ. 25ರಿಂದಲೇ ಶುರುಮಾಡಿತು. ಗಡಿಯಾಚೆ ಕಾಸರಗೋಡಿನಲ್ಲಿ ಕೇರಳ ಮಾಡಿದ ಎಂಡೋಸಲ್ಫಾನ್ ಪಟ್ಟಿಯಲ್ಲಿ ಹಾಸಿಗೆ ಹಿಡಿದವರು, ಅಂಗವಿಕಲರು ಇವರ ಜೊತೆಗೆ ಕ್ಯಾನ್ಸರ್ ರೋಗಿಗಳು ಎಂಬುದೇ ಒಂದು ವರ್ಗ. ಹರಿಯಾಣದಲ್ಲಿ ಮೂರು ಮತ್ತು ನಾಲ್ಕನೇ ಹಂತದ ಕ್ಯಾನ್ಸರಿನವರಿಗೆ ತಿಂಗಳ ಪಿಂಚಣಿ ಇದೆ. ಈ ಯಾವುದಕ್ಕೂ ಕುರುಡರ ನೌಕರಿಯಲ್ಲಿ ಒಂದನ್ನೂ ಕೀಳಬೇಕಾಗಲಿಲ್ಲ. ಬೆಂಗಳೂರು ಮನಸ್ಸು ಮಾಡಿದರೆ ನಿಮ್ಮನ್ನು ಮುಟ್ಟದೆಯೇ ಗುಬ್ಬಿಯವಳಿಗೆ ಚಿಕಿತ್ಸೆಯ ತಿಂಗಳುಗಳ ಮಟ್ಟಿಗೆ ಹಣ ಕೊಡಬಹುದು.

ಪಟ್ಟಿ: ಸುಳ್ಳು ಸರ್ಟಿಫಿಕೇಟುಗಳು ಬರುತ್ತವೆ.

ಪ್ರಶ್ನೆ: ಬರುತ್ತವೆ, ಈಗಲೂ ಬರುತ್ತಿವೆ, ನಿಮ್ಮ 21ರ ಹೆಸರಿನಲ್ಲೇ. ಬೋರ್ಡಿನ ಮುಂದೆ ಕಿವಿ ಕೇಳಿಸದಂತೆ ನಟಿಸುವುದಕ್ಕಿಂತ ಪೆಥಾಲಜಿಯ ಗಾಜಿನ ಮೇಲೆ ಗಡ್ಡೆಯನ್ನು ನಟಿಸುವುದು ಕಷ್ಟ. ಅದಿರಲಿ, ನಿಮ್ಮ ಕಟ್ಟಕಡೆಯ ಸಾಲಿನ ಬಗ್ಗೆ ಕೇಳಬೇಕಿತ್ತು. ‘ಕೇಂದ್ರ ಸರ್ಕಾರ ಅಧಿಸೂಚಿಸಬಹುದಾದ ಇತರ ಯಾವುದೇ ವರ್ಗ’ ಎಂದು ಅಲ್ಲಿದೆ. ಸಂಸತ್ತು ಕೂರಬೇಕಿಲ್ಲ, ಕಾಯ್ದೆ ತಿದ್ದಬೇಕಿಲ್ಲ, ಒಂದು ಅಧಿಸೂಚನೆ ಸಾಕು.

ಪಟ್ಟಿ: ಆ ಸಾಲು ನನಗೂ ಗೊತ್ತು. ತಳದಲ್ಲಿದೆ. ಸೈಬರ್ ಸೆಂಟರಿನ ಪರದೆಯಲ್ಲಿ ಅಷ್ಟು ಕೆಳಗಿನವರೆಗೆ ನನ್ನನ್ನು ಇಳಿಸುವುದಿಲ್ಲ. ಈಗ ನಿಮ್ಮ ಹಿಂದೆ ಟೋಕನ್ ಹಿಡಿದವರು ನಿಂತಿದ್ದಾರೆ. ಈ ಸಂದರ್ಶನವನ್ನು ಸಲ್ಲಿಸಬೇಕಾದರೆ 21ರಲ್ಲಿ ಒಂದನ್ನು ಆರಿಸಿ, ಇಲ್ಲವಾದರೆ ಬಟನ್ ಒತ್ತಲು ಬರುವುದಿಲ್ಲ.