ಮನೆಯಲ್ಲಿದ್ದೂ ಬಾಗಿಲು ತೆಗೆಯದ ರಂಜಕದವರಿಗೆ

ಇವರಿಂದ: ಕಬಿನಿಯ ಈಚೆ ದಡದವನು, ಬೈರಕುಪ್ಪೆ ಕಡೆ, ಹೆಗ್ಗಡದೇವನಕೋಟೆ ತಾಲ್ಲೂಕು.

ಇವರಿಗೆ: ಶ್ರೀಯುತ ರಂಜಕ ಅವರು, ಕಾಳುಮೆಣಸಿನ ಬಳ್ಳಿಯ ಬುಡ, ಕಬ್ಬಿಣ ಹಾಗೂ ಅಲ್ಯೂಮಿನಿಯಂ ಅವರ ವಶ, ಪುಲ್ಪಳ್ಳಿ, ವಯನಾಡು ಜಿಲ್ಲೆ.

ವಿಷಯ: ತಾವು ಹಾಜರಿದ್ದೂ ಗೈರುಹಾಜರಾಗಿರುವ ಬಗ್ಗೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರಿಕೆ ಮಾಡಿಕೊಳ್ಳುವುದೇನೆಂದರೆ, ತಮ್ಮನ್ನು ಕರೆಸಿಕೊಳ್ಳಲು ಈ ದೇಶ ಪಡುವ ಪಾಡು ತಮ್ಮ ಗಮನಕ್ಕೆ ಬಂದಂತಿಲ್ಲ. ಲೋಕದಲ್ಲಿ ಲೆಕ್ಕಕ್ಕೆ ಸಿಕ್ಕಿರುವ ರಂಜಕದ ಕಲ್ಲಿನಲ್ಲಿ ನೂರಕ್ಕೆ ಸುಮಾರು 70 ಪಾಲು ಮೊರಾಕ್ಕೊದ ಹಿಡಿತದಲ್ಲಿದೆ. ನಮ್ಮಲ್ಲಿ ಉದಯಪುರದ ಬಳಿ ಝಾಮರ್‌ಕೋಟ್ರಾ ಗಣಿ ಇದೆ, ಆದರೆ ಅಷ್ಟರಿಂದ ನಮ್ಮ ಹೊಟ್ಟೆ ತುಂಬದು. ಹಾಗಾಗಿ ತಾವು ಹಡಗು ಹತ್ತಿಯೇ ಬರಬೇಕು. ಚೀನಾದವರು ರಫ್ತಿಗೆ ಲಗಾಮು ಹಾಕಿದರೆ ದಿಲ್ಲಿಯಲ್ಲಿ ಸಭೆ, ಸೊಸೈಟಿ ಮುಂದೆ ಸಾಲು. 50 ಕಿಲೊ ಡಿಎಪಿ ಗೊಬ್ಬರದ ಚೀಲಕ್ಕೆ ರೈತ ಕೊಡುವುದು 1,350 ರೂಪಾಯಿ. ಮಿಕ್ಕ ಹೊರೆ ಸರ್ಕಾರದ ಹೆಗಲಿಗೆ. ಇಷ್ಟು ಉಪಚಾರ ಮಾಡಿ ಪುಲ್ಪಳ್ಳಿಯ ಮಣ್ಣಿಗೆ ಇಳಿಸಿದರೆ, ತಾವು ಇಬ್ಬರು ಅಂಗರಕ್ಷಕರನ್ನು ಎಡಬಲಕ್ಕಿಟ್ಟುಕೊಂಡು ಒಳಗೆ ಹೋಗಿ ಚಿಲಕ ಹಾಕಿಕೊಳ್ಳುತ್ತೀರಿ. ಬಳ್ಳಿ ಬಾಗಿಲಲ್ಲಿ ನಿಂತಿರುತ್ತದೆ. ಹಾಕಿದ ವರ್ಷ ತಮ್ಮಲ್ಲಿ ಐದರಲ್ಲೊಂದು ಪಾಲು ಬೇರಿಗೆ ದೊರೆತರೆ ಅದೇ ದೊಡ್ಡದು.

ಋಷಿಮೂಲ, ನದೀಮೂಲ ಕೇಳಬಾರದಂತೆ. ಆದರೂ 1669ರಲ್ಲಿ ಹ್ಯಾಂಬರ್ಗಿನ ಹೆನ್ನಿಗ್ ಬ್ರಾಂಡ್ ಎಂಬಾತ ಚಿನ್ನ ಸಿಕ್ಕೀತೆಂದು ಉಚ್ಚೆ ಕಾಯಿಸುತ್ತಿದ್ದಾಗ ತಾವು ಪ್ರಕಟವಾದಿರಿ ಎಂಬುದನ್ನು ತಮ್ಮ ಈಗಿನ ದರ್ಬಾರು ನೋಡಿದಾಗ ನೆನೆಯದೆ ಇರಲಾಗುವುದಿಲ್ಲ.

ಪುಲ್ಪಳ್ಳಿಯವರಿಗೆ ಭೂಮಿಯೊಳಗೆ ಹೋದವರ ಕಥೆ ಹೊಸದಲ್ಲ. ಸೀತಮ್ಮ ಭೂಮಿಗಿಳಿದದ್ದು ಈ ಸೀಮೆಯಲ್ಲೇ ಎಂದು ಅಲ್ಲಿಯ ಸೀತಾ ಲವಕುಶ ಗುಡಿಗೆ ಬರುವವರು ನಂಬುತ್ತಾರೆ. ಆಕೆಯಾದರೂ ಎರಡು ಮಕ್ಕಳನ್ನು ಬೆಳೆಸಿ ಕೈಗೆ ಕೊಟ್ಟು ಹೋದಳು. ತಾವು ಬಳ್ಳಿಯಲ್ಲಿ ಮೆಣಸಿನ ಕರೆ ಬಿಡುವ ತನಕವೂ ಕಾಯುವುದಿಲ್ಲ.

ತಪ್ಪು ಪೂರ್ತಿ ತಮ್ಮದೇ ಎನ್ನುತ್ತಿಲ್ಲ. ಈ ಸೀಮೆಯ ಮಳೆ ಸಾವಿರಾರು ವರ್ಷಗಳಿಂದ ನೆಲವನ್ನು ತೊಳೆಯುತ್ತಲೇ ಬಂದಿದೆ. ಸುಣ್ಣದಂಶ, ಮೆಗ್ನೀಸಿಯಂ, ಪೊಟ್ಯಾಷ್ ಎಲ್ಲವೂ ನೀರಿನೊಂದಿಗೆ ಹೊಳೆಗೆ ಹೋದವು; ಎದ್ದು ಹೋಗಲೊಲ್ಲದೆ ಉಳಿದವರು ಕಬ್ಬಿಣ ಮತ್ತು ಅಲ್ಯೂಮಿನಿಯಂ. ಫ್ರಾನ್ಸಿಸ್ ಬುಕಾನನ್ ಮಲಬಾರಿನ ಅಂಗಾಡಿಪುರದಲ್ಲಿ ಇಂಥ ಕೆಂಪು ನೆಲವನ್ನು ಇಟ್ಟಿಗೆಯಂತೆ ಕಡಿಯುವುದನ್ನು ಕಂಡು, 1807ರಲ್ಲಿ ಅಚ್ಚಾದ ತನ್ನ ಪ್ರವಾಸ ಗ್ರಂಥದಲ್ಲಿ ಅದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. ನಮ್ಮ ಕರಾವಳಿಯವರು ಅದಕ್ಕೂ ಮೊದಲೇ ಮುರಕಲ್ಲು ಎಂದು ಕರೆದು ಮನೆ ಕಟ್ಟಿ ಮುಗಿಸಿದ್ದರು. ವಯನಾಡಿನ ಮಣ್ಣು ಎಲ್ಲ ಕಡೆ ಕಲ್ಲಾಗಿಲ್ಲ, ಆದರೆ ಬಹುಪಾಲು ಹುಳಿಯಾಗಿದೆ. ಪಿಎಚ್ 5.5ಕ್ಕಿಂತ ಕೆಳಗೆ ಇಳಿಯಿತೆಂದರೆ ಅಲ್ಯೂಮಿನಿಯಂ ಕರಗಿ ಮೈಕೊಡವಿ ಏಳುತ್ತದೆ. ಬೇರಿನ ತುದಿಯನ್ನು ಮೊಂಡು ಮಾಡುವುದು ಅದರ ಒಂದು ಕೆಲಸ, ತಮ್ಮನ್ನು ಬಿಗಿದಪ್ಪಿ ಹಿಡಿಯುವುದು ಇನ್ನೊಂದು. ತಾವೋ ಮಣ್ಣಿನಲ್ಲಿ ಕೆಲವೇ ಮಿಲಿಮೀಟರು ಸರಿಯುವ ಸೋಮಾರಿಗಳು. ಬೇರು ಬರಲಾರದು, ತಾವು ಹೋಗುವುದಿಲ್ಲ. ಇಬ್ಬರ ನಡುವೆ ಓಡಾಡಿ ಸಂಧಾನ ಮಾಡುವುದು ಬೇರಿಗಂಟಿದ ಒಂದು ಬಗೆಯ ಶಿಲೀಂಧ್ರದ ಎಳೆ ಮಾತ್ರ. ಅದಕ್ಕೂ ನೆರಳು, ತರಗೆಲೆ, ತೇವ ಬೇಕು. ಅವನ್ನೆಲ್ಲ ನಾವು ಗುಡಿಸಿ ಚೊಕ್ಕಟ ಮಾಡಿದ್ದೇವೆ.

ಈಗ ಸೂಕ್ಷ್ಮವಾದ ಮಾತು. ಕೇರಳದಲ್ಲಿ ತಮ್ಮ ಮೆಚ್ಚಿನ ವಾಹನ ಫ್ಯಾಕ್ಟಂಫಾಸ್. ಚೀಲದ ಮೇಲೆ 20-20-0-13 ಎಂದು ಬರೆದಿರುತ್ತದೆ: ಸಾರಜನಕ 20, ತಾವು 20, ಪೊಟ್ಯಾಷ್ ಸೊನ್ನೆ, ಗಂಧಕ 13. ತಲೆಮಾರುಗಳಿಂದ ಅದೇ ಚೀಲ ಅದೇ ಬುಡಕ್ಕೆ ಬೀಳುತ್ತಿದೆ. ಅದರಲ್ಲಿರುವ ಅಮೋನಿಯಂ ಮಣ್ಣಿನಲ್ಲಿ ನೈಟ್ರೇಟ್ ಆಗುವಾಗ ಹುಳಿ ಬಿಡುತ್ತದೆ. ಅಂದರೆ ತಮ್ಮನ್ನು ಬಂಧಿಸುವ ಹುಳಿಯನ್ನು ತಾವೇ ಗಂಟಿನಲ್ಲಿ ಕಟ್ಟಿಕೊಂಡು ಬರುತ್ತೀರಿ! ಮಗ್ಗುಲಲ್ಲಿ ಯೂರಿಯಾ ಇದ್ದೇ ಇದೆ. 45 ಕಿಲೊ ಚೀಲಕ್ಕೆ 266 ರೂಪಾಯಿ 50 ಪೈಸೆ. ಅದೂ ಹುಳಿ ಹೆಚ್ಚಿಸುವ ಗಿರಾಕಿಯೇ.

2010ರ ನಂತರದ ವರ್ಷಗಳಲ್ಲಿ ಕೇರಳದ ರಾಜ್ಯ ಯೋಜನಾ ಮಂಡಳಿ ರಾಜ್ಯದ ಉದ್ದಗಲಕ್ಕೂ ಮಣ್ಣು ಪರೀಕ್ಷೆ ಮಾಡಿಸಿತು. ಬಂದ ಉತ್ತರ ತಮಗೆ ಸಂತೋಷ ಕೊಡಬಹುದು. ಮಣ್ಣು ಬಹುತೇಕ ಎಲ್ಲೆಡೆ ಹುಳಿ. ಮೆಗ್ನೀಸಿಯಂ, ಬೋರಾನ್ ಬಡವಾಗಿವೆ. ರಂಜಕ? ಹೆಚ್ಚಿನ ಕಡೆ ಬೇಕಾದ್ದಕ್ಕಿಂತ ಜಾಸ್ತಿ! ಮೊದಮೊದಲು ಬಂದ ತಾವೆಲ್ಲ ಕಬ್ಬಿಣದವರ ಮನೆಯ ಕೋಣೆಗಳನ್ನು ತುಂಬಿದಿರಿ; ಆಮೇಲೆ ಬಂದವರು ಜಗುಲಿಯಲ್ಲಿ, ಅಂಗಳದಲ್ಲಿ ಕೂತಿರಿ. ಕೂತವರು ಸುಮ್ಮನಿರದೆ ಸತುವನ್ನು ಬೇರಿನ ಹತ್ತಿರ ಸುಳಿಯಗೊಡುತ್ತಿಲ್ಲ. ಒಂದು ತೋಟದಲ್ಲಿ ಬಂದಿ, ಪಕ್ಕದ ತೋಟದಲ್ಲಿ ಬಿಟ್ಟಿ ಊಟದ ನೆಂಟ. ಯಾವ ತೋಟದಲ್ಲಿ ತಾವು ಯಾವ ಅವತಾರದಲ್ಲಿದ್ದೀರೆಂದು ಮಣ್ಣು ಪರೀಕ್ಷಿಸದೆ ತಿಳಿಯದು. ಅಷ್ಟು ತಾಳ್ಮೆ ಯಾರಿಗಿದೆ? ಅಂಗಡಿಯವನು ಚೀಲ ತೋರಿಸುತ್ತಾನೆ, ಮಳೆ ಬರುವ ಹಾಗಿದೆ, ಹಾಕಿಬಿಡೋಣ.

2015ರಲ್ಲಿ ದೇಶಕ್ಕೆಲ್ಲ ಬಂದ ಮಣ್ಣು ಆರೋಗ್ಯ ಚೀಟಿಯ ಬಗ್ಗೆ ನನಗೆ ಗೌರವವಿದೆ. ಅದರಲ್ಲಿ 12 ಅಂಶಗಳು: ಸಾರಜನಕ, ತಾವು, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ಜೊತೆಗೆ ಪಿಎಚ್, ಲವಣ, ಸಾವಯವ ಇಂಗಾಲ. ಮಳೆ ಮೊಟ್ಟಮೊದಲು ಕೊಚ್ಚಿಕೊಂಡು ಹೋಗುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಈ ಪಟ್ಟಿಯಲ್ಲಿಲ್ಲ. ರಾಜಸ್ಥಾನದ ಸೂರತ್‌ಗಢದಲ್ಲಿ ಉದ್ಘಾಟನೆಯಾದ ಚೀಟಿ; ಆ ಒಣನೆಲದಲ್ಲಿ ನಿಂತವರಿಗೆ ವಯನಾಡಿನ ಮಳೆ ನೆನಪಾಗಲಿಲ್ಲ ಎಂದರೆ ತಪ್ಪೆಣಿಸಬಾರದು.

ತಮ್ಮ ಬಾಗಿಲಿನ ಕೀಲಿಕೈ ಸುಣ್ಣ. ಮೆಣಸಿನ ಬಳ್ಳಿಯೊಂದಕ್ಕೆ ಎರಡು ವರ್ಷಕ್ಕೊಮ್ಮೆ, ಏಪ್ರಿಲ್‌-ಮೇ ಹೊತ್ತಿಗೆ, ಅರ್ಧ ಕಿಲೊ ಸುಣ್ಣ ಎಂದು ಕೇರಳ ಕೃಷಿ ವಿಶ್ವವಿದ್ಯಾಲಯದ ಕೈಪಿಡಿಯೇ ಹೇಳುತ್ತದೆ. ಹುಳಿ ಇಳಿದು ಪಿಎಚ್ 6ರ ಆಸುಪಾಸಿಗೆ ಬಂದರೆ ಅಲ್ಯೂಮಿನಿಯಂ ಗಟ್ಟಿಯಾಗಿ ಮಲಗುತ್ತದೆ, ತಮಗೂ ಬಿಡುಗಡೆ. ಆದರೆ ಸುಣ್ಣಕ್ಕೆ ಹಡಗಿನ ಮೆರವಣಿಗೆ ಇಲ್ಲ, ಎದುರುಗೊಳ್ಳಲು ಸಾಲಿಲ್ಲ. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಎನ್ನುತ್ತಾರಲ್ಲ, ಈ ಊರಿನಲ್ಲಿ ಸುಣ್ಣ ಬಿದ್ದ ಕಣ್ಣೇ ಪುಣ್ಯ ಮಾಡಿದ್ದು. ಇನ್ನೊಂದು ತಮಾಷೆ: ನೀರಿನಲ್ಲಿ ತಟ್ಟನೆ ಕರಗುವ ದುಬಾರಿ ಡಿಎಪಿಯನ್ನು ಹುಳಿಮಣ್ಣು ಅಷ್ಟೇ ತಟ್ಟನೆ ಹಿಡಿದುಕೊಳ್ಳುತ್ತದೆ. ಬರೀ ಕಲ್ಲುಪುಡಿಯಾಗಿ ಬಂದ ತಮ್ಮ ಬಡ ದಾಯಾದಿ ರಾಜ್‌ಫಾಸನ್ನು ಅದೇ ಹುಳಿ ನಿಧಾನಕ್ಕೆ ಕರಗಿಸಿ ಬಳ್ಳಿಗೆ ಉಣಿಸುತ್ತದೆ. ಸೂಟು ಹಾಕಿ ಬಂದವರಿಗೆ ಜೈಲು, ಪಂಚೆ ಉಟ್ಟು ಬಂದವರಿಗೆ ಕೆಲಸ.

ಮೊದಲು ಪುಲ್ಪಳ್ಳಿ ಹೀಗಿರಲಿಲ್ಲ. ತಿರುವಾಂಕೂರಿನಿಂದ ಗುಡ್ಡ ಹತ್ತಿ ಬಂದವರು ಮೆಣಸಿನ ಬಳ್ಳಿಯನ್ನು ಹಾಲುವಾಣದ ಮರಕ್ಕೆ ಹಬ್ಬಿಸಿದರು. ಹಾಲುವಾಣ ಗಾಳಿಯಿಂದ ಸಾರಜನಕ ಹಿಡಿದು ಎಲೆ ಉದುರಿಸುತ್ತಿತ್ತು. ಆ ತರಗಲು ಕೊಳೆತ ಆಮ್ಲಗಳು ಅಲ್ಯೂಮಿನಿಯಮ್ಮನ್ನು ಕಟ್ಟಿಹಾಕಿ ತಮ್ಮನ್ನು ಬಿಡಿಸುತ್ತಿದ್ದವು. 2005ರ ಸುಮಾರಿಗೆ ಒಂದು ಪುಟ್ಟ ಕಣಜ ಬಂದು ಹಾಲುವಾಣದ ಎಲೆ ಚಿಗುರುಗಳಲ್ಲಿ ಗಂಟು ಕಟ್ಟಿ ಮರಗಳನ್ನೇ ಒಣಗಿಸಿತು. ಸೊರಗು ರೋಗ ಬಳ್ಳಿಗಳನ್ನು ಕೊಂಡುಹೋಗುತ್ತಲೇ ಇತ್ತು. ಅದು ಫೈಟಾಫ್ತೊರಾ ಎಂಬ ರೋಗಾಣುವಿನ ಕೆಲಸ, ಅದಕ್ಕೆ ತಮ್ಮನ್ನು ದೂರುವುದಿಲ್ಲ. ಬೆಲೆಯೂ ಬಿತ್ತು. ಸಾಲ, ಸಾವು; 2006ರಲ್ಲಿ ಪ್ರಧಾನಿಯ ರೈತ ಪರಿಹಾರ ಯೋಜನೆಗೆ ಸೇರಿದ ಕೇರಳದ ಮೂರು ಜಿಲ್ಲೆಗಳಲ್ಲಿ ವಯನಾಡೂ ಒಂದು. ಇಲ್ಲಿ ನಾನು ವ್ಯಂಗ್ಯ ಮಾಡಲಾರೆ.

ಯಾರೂ ಕೇಳದೆಯೇ ತಾವು ಬಾಗಿಲು ತೆರೆಯುತ್ತಿದ್ದ ಒಂದು ಜಾಗವಿತ್ತು: ಗದ್ದೆ. ನೀರು ನಿಂತು ಗಾಳಿ ತಪ್ಪಿದ ಕೆಸರಿನಲ್ಲಿ ಕಬ್ಬಿಣ ತನ್ನ ಹಿಡಿತ ಸಡಿಲಿಸುತ್ತದೆ, ಹುಳಿಯೂ ತಾನಾಗಿ ಇಳಿಯುತ್ತದೆ, ತಾವು ಪುಗಸಟ್ಟೆ ಹೊರಬರುತ್ತೀರಿ. ಪುಲ್ಪಳ್ಳಿಯ ಚೇಕಾಡಿಯಲ್ಲಿ ಇಂದಿಗೂ ಗಂಧಕಸಾಲ ಭತ್ತದ ಗದ್ದೆಗಳಿವೆ. ಆ ಪರಿಮಳದ ಅಕ್ಕಿಗೆ 2010ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ವಯನಾಡಿನಲ್ಲಿ ಎಷ್ಟೋ ಕಡೆ ಗದ್ದೆಗೆ ಬಸಿಗಾಲುವೆ ತೋಡಿ ನೇಂದ್ರ ಬಾಳೆ ಇಟ್ಟರು. ನೀರು ಬಸಿಯಿತು, ಗಾಳಿ ಹೊಕ್ಕಿತು, ತಾವು ಮತ್ತೆ ಒಳಗೆ. ಆಮೇಲೆ ತಮ್ಮನ್ನೇ ಚೀಲದಲ್ಲಿ ಕೊಂಡು ತಂದು ಅದೇ ಬಾಳೆಯ ಬುಡಕ್ಕೆ ಸುರಿದರು.

ಇಷ್ಟೆಲ್ಲ ಪುಲ್ಪಳ್ಳಿಯ ಸಂಸಾರ, ಈಚೆ ದಡದವನಿಗೇನು ಕಷ್ಟ ಎಂದು ಕೇಳುತ್ತೀರಿ. ಶುಂಠಿ, ಸ್ವಾಮಿ. ಒಮ್ಮೆ ಶುಂಠಿ ಬೆಳೆದ ನೆಲದಲ್ಲಿ ಮರುವರ್ಷವೂ ಅದನ್ನೇ ಹಾಕಿದರೆ ಗೆಡ್ಡೆಕೊಳೆ ಬಿಡದು. ಹಾಗಾಗಿ ವಯನಾಡಿನ ಶುಂಠಿ ಬೆಳೆಗಾರರು ಹೆಗ್ಗಡದೇವನಕೋಟೆ, ಹುಣಸೂರು, ಗುಂಡ್ಲುಪೇಟೆ, ಕೊಡಗು, ಆಚೆ ಶಿವಮೊಗ್ಗದವರೆಗೂ ಗುತ್ತಿಗೆಗೆ ಹೊಸ ನೆಲ ಹುಡುಕಿ ಬಂದರು. ದುಡಿಮೆಗಾರರು, ದುಡ್ಡಿಗೆ ಮಾತು ತಪ್ಪುವವರಲ್ಲ. ನಮ್ಮವರಿಗೂ ರಾಗಿಗಿಂತ ಗುತ್ತಿಗೆಯೇ ರುಚಿಸಿತು. ಅವರ ಹಿಂದೆಯೇ ತಾವೂ ಬಂದಿರಿ, ಲಾರಿ ಲಾರಿ ಕೋಳಿಗೊಬ್ಬರದಲ್ಲಿ, ಚೀಲ ಚೀಲ ಡಿಎಪಿಯಲ್ಲಿ. ಗುತ್ತಿಗೆ ಮುಗಿದ ಮೇಲೆ ಶುಂಠಿ ಹೋಗುತ್ತದೆ, ತಾವು ಉಳಿಯುತ್ತೀರಿ. ನಮ್ಮ ಬಯಲಿನ ಕೆಂಪು ಮಣ್ಣು ವಯನಾಡಿನಷ್ಟು ಹುಳಿಯಲ್ಲ, ತಮ್ಮನ್ನು ಅಷ್ಟು ಗಟ್ಟಿಯಾಗಿ ಬಂಧಿಸಲಾರದು ಎಂಬ ಧೈರ್ಯ ಇಷ್ಟು ದಿನ ಇತ್ತು. ಇದೇ ಗೊಬ್ಬರ, ಇದೇ ಲೆಕ್ಕವಿಲ್ಲದ ಕೈ ಮುಂದುವರಿದರೆ ಇಲ್ಲಿಯೂ ತಮಗೆ ಬೇಕಾದ ಹುಳಿ ಸಿದ್ಧವಾಗುವುದು ಕಷ್ಟವೇನಲ್ಲ. ಗುತ್ತಿಗೆ ಪತ್ರದಲ್ಲಿ ಎಕರೆ ಇರುತ್ತದೆ, ದರ ಇರುತ್ತದೆ, ಬೋರ್‌ವೆಲ್ಲಿನ ನೀರು ಯಾರ ಪಾಲು ಎಂಬುದೂ ಇರುತ್ತದೆ. ಪಿಎಚ್ ಎಷ್ಟಿದ್ದ ನೆಲವನ್ನು ಕೊಟ್ಟೆವು, ಎಷ್ಟಕ್ಕೆ ಇಳಿಸಿ ಹಿಂತಿರುಗಿಸಿದಿರಿ ಎಂಬ ಕಲಮನ್ನು ಬರೆಸುವ ಪುಣ್ಯಾತ್ಮ ಇನ್ನೂ ಹುಟ್ಟಬೇಕು.

ಆದ್ದರಿಂದ ಮಾನ್ಯರು ದಯವಿಟ್ಟು ಈ ವರ್ಷ ಹೊಸದಾಗಿ ಬರುವ ತೊಂದರೆ ತೆಗೆದುಕೊಳ್ಳಬಾರದು. ಈಗಾಗಲೇ ಬಂದು ಕೂತಿರುವ ತಮ್ಮ ಬಳಗದವರನ್ನೇ ಒಬ್ಬೊಬ್ಬರಾಗಿ ಹೊರಗೆ ಕಳಿಸಿಕೊಟ್ಟರೆ ಸಾಕು.

ಇಂತಿ ತಮ್ಮ ವಿಶ್ವಾಸಿ,
ಕಬಿನಿಯ ಈಚೆ ದಡದವನು

ಪ್ರತಿಗಳು: ಮೆಗ್ನೀಸಿಯಂ ಮತ್ತು ಬೋರಾನ್ ಅವರಿಗೆ, ಇಷ್ಟು ವರ್ಷ ಕರೆಯೋಲೆ ತಲುಪದಿದ್ದುದಕ್ಕೆ ವಿಷಾದದೊಂದಿಗೆ. ಸುಣ್ಣದವರಿಗೆ, ಏಪ್ರಿಲ್‌ನಲ್ಲಿ ತಪ್ಪದೆ ಹಾಜರಾಗಲು. ಅಲ್ಯೂಮಿನಿಯಂ ಅವರಿಗೆ ಪ್ರತ್ಯೇಕ ಪ್ರತಿ ಕಳಿಸಿಲ್ಲ. ತಮಗೆ ಬಂದ ಕಾಗದಗಳನ್ನು ಮೊದಲು ಒಡೆದು ಓದುವವರು ಅವರೇ ತಾನೇ.