ಬಟ್ಲರ್ ಕನ್ನಡ

ಕೊಂದವನು ಬಟ್ಲರನೇ ಎಂದು 30ನೇ ಪುಟಕ್ಕೆಲ್ಲ ತೀರ್ಮಾನಿಸಿಬಿಟ್ಟಿದ್ದೆ. ಹಳೆಯ ಇಂಗ್ಲಿಷ್ ಪತ್ತೇದಾರಿ ಕಾದಂಬರಿಯೊಂದರ ಕನ್ನಡ ಅನುವಾದ, ಕರಡು ತಿದ್ದಲು ನನ್ನ ಹತ್ತಿರ ಬಂದಿತ್ತು. ಯಾರೋ ಬಾಗಿಲು ತಟ್ಟುತ್ತಾರೆ. ಬಟ್ಲರ್ ತೆರೆದು, ‘ನನಗೆ ಭಯವಾಗುತ್ತಿದೆ, ಯಜಮಾನರು ಮನೆಯಲ್ಲಿಲ್ಲ’ ಎನ್ನುತ್ತಾನೆ. ನಾಲ್ಕು ಪುಟ ಬಿಟ್ಟು, ‘ನನಗೆ ಭಯವಾಗುತ್ತಿದೆ, ಚಹಾ ತಣ್ಣಗಾಗಿದೆ.’ ಮಳೆ ಬಂದರೆ ಭಯ, ರೈಲು ತಪ್ಪಿದರೆ ಭಯ. ಇಷ್ಟು ಹೆದರುವವನ ಕೈಗೆ ರಕ್ತ ಅಂಟಿರಲೇಬೇಕಲ್ಲ?

ಕೊನೆಗೆ ನೋಡಿದರೆ ಕೊಂದವನು ಮನೆಯಳಿಯ. ಬಟ್ಲರ್ ಪಾಪ, ‘ಐ ಆಮ್ ಅಫ್ರೇಡ್’ ಎಂದಿದ್ದನಷ್ಟೆ. ನಾವಾದರೆ ‘ಯಜಮಾನರು ಇಲ್ಲವಲ್ಲ ಸ್ವಾಮಿ’ ಎನ್ನುತ್ತೇವೆ. ಇಂಗ್ಲಿಷರ ಅಷ್ಟೂ ಸೌಜನ್ಯ ಆ ಒಂದು ‘ಅಲ್ಲ’ದಲ್ಲಿ ಮುಗಿದುಹೋಗುತ್ತದೆ.

ಅನುವಾದಕನಿಗೆ ಫೋನ್ ಮಾಡಿದೆ.

‘ಅಫ್ರೇಡ್ ಅನ್ನೋದಕ್ಕೂ ನಿಘಂಟು ನೋಡ್ಬೇಕಾ ಸಾರ್?’

ಅಲ್ಲೇ ಇರುವುದು ಮರ್ಮ. ಬಾಯಿ ತಿರುಗದ ಪದ ಬಂದರೆ ಮೈಸೂರು ವಿಶ್ವವಿದ್ಯಾನಿಲಯದ ನಿಘಂಟಿನ ಧೂಳು ಕೊಡವುತ್ತಾರೆ. ಬಕೆಟ್ ಒದ್ದವನು ಸತ್ತ ಎಂಬುದು ಈಗ ಹೈಸ್ಕೂಲು ಹುಡುಗರಿಗೂ ಗೊತ್ತು. ಕೈಕೊಡುವುದು ಮಫ್ತಿಯಲ್ಲಿ ಬರುವ ಪದಗಳು. ಅದೇ ಕರಡಿನಲ್ಲಿ ಲಾರ್ಡ್ ಒಬ್ಬರ ಮಗ ಓದಿದ ‘ಪಬ್ಲಿಕ್ ಸ್ಕೂಲ್’ ಸರ್ಕಾರಿ ಶಾಲೆಯಾಗಿತ್ತು. ಇಂಗ್ಲೆಂಡಿನಲ್ಲಿ ಈಟನ್ನಿನಂಥ ದುಬಾರಿ ಖಾಸಗಿ ಶಾಲೆಗೇ ಆ ಹೆಸರು. ಇನ್ನೊಂದು ಪ್ಯಾರಾ ಸಿಕ್ಕಿದ್ದರೆ ಹುಡುಗನಿಗೆ ಬಿಸಿಯೂಟವನ್ನೂ ಬಡಿಸುತ್ತಿದ್ದನೇನೋ.

ಈ ಮಹಾಶಯನ ಕೈಗೆ ಜೇನ್ ಆಸ್ಟಿನ್ ಸಿಗದಿರಲಿ. 1815ರ ‘ಎಮ್ಮಾ’ದಲ್ಲಿ, ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿ, ಓಡುವ ಕುದುರೆಗಾಡಿಯೊಳಗೆ ಪಾದ್ರಿಯೊಬ್ಬ ನಾಯಕಿಗೆ ‘ಲವ್ ಮೇಕ್’ ಮಾಡುತ್ತಾನೆ. ಆ ಕಾಲಕ್ಕೆ ಅದು ಬರೀ ಬಾಯಿಮಾತಿನ ಪ್ರೇಮನಿವೇದನೆ. ಇವನು ಅನುವಾದಿಸಿದರೆ ಪಾದ್ರಿಯ ಗತಿ ಏನೋ, ಪುಸ್ತಕವಂತೂ ಮೂರು ಮುದ್ರಣ ಕಾಣುತ್ತದೆ.

‘ಕಸಿನ್’ ಎಂಬ ಸಾಧು ಪದ ಇನ್ನೂ ದೊಡ್ಡ ಕಂಟಕ. ಆಸ್ಟಿನ್ನಳದೇ ‘ಮ್ಯಾನ್ಸ್‌ಫೀಲ್ಡ್ ಪಾರ್ಕ್’ನಲ್ಲಿ ಕೊನೆಗೆ ಮದುವೆಯಾಗುವ ಫ್ಯಾನಿ, ಎಡ್ಮಂಡರ ತಾಯಂದಿರು ಒಡಹುಟ್ಟಿದವರು. ದೊಡ್ಡಮ್ಮನ ಮಗ ಎಂದು ಬರೆದಿರೋ, ಅವನು ಅಣ್ಣನಾದ. ಆ ಮದುವೆಗೆ ನಮ್ಮಜ್ಜಿ ಅಕ್ಷತೆ ಹಾಕುವುದಿಲ್ಲ. 1847ರ ‘ವುದರಿಂಗ್ ಹೈಟ್ಸ್’ ನೋಡಿ: ಕಿರಿಯ ಕ್ಯಾಥರೀನಳ ಗಂಡ ಸೋದರತ್ತೆಯ ಮಗ, ಅವನು ಸತ್ತ ಮೇಲೆ ಅವಳು ಒಲಿದದ್ದು ಸೋದರಮಾವನ ಮಗನಿಗೆ. ಅದನ್ನು ಬರೆದ ಯಾರ್ಕ್‌ಷೈರಿನ ಪಾದ್ರಿಯ ಮಗಳಿಗೆ ನಮ್ಮ ವರಸೆಯನ್ನು ಯಾರು ಹೇಳಿಕೊಟ್ಟರೋ! ಜಾಣರು ಎಲ್ಲ ಕಡೆಯೂ ‘ಕಸಿನ್’ ಎಂದೇ ಬರೆದು ಕೈತೊಳೆದುಕೊಳ್ಳುತ್ತಾರೆ.

‘ಮೂಲದಲ್ಲಿ ಇದ್ದದ್ದೇ ಹಾಕಿದೀನಿ ಸಾರ್’ ಎಂದ ಅನುವಾದಕ. ಕುವೆಂಪು ಹ್ಯಾಮೆಲಿನ್ ಊರನ್ನೇ ಕಿತ್ತು ತುಂಗೆಯ ದಡದಲ್ಲಿ ಬೊಮ್ಮನಹಳ್ಳಿ ಮಾಡಿದರು, ಒಂದು ಇಲಿಯೂ ಜರ್ಮನ್ ಮಾತಾಡಲಿಲ್ಲ ಎಂದೆ.

‘ಅದು ರೂಪಾಂತರ ಸಾರ್. ನಂದು ಪುಟಕ್ಕಿಷ್ಟು ಅಂತ.’

ಭಯಗಳನ್ನೆಲ್ಲ ಕಿತ್ತುಹಾಕಿ ಕರಡು ಕಳಿಸಿದೆ. ತಿಂಗಳಾದರೂ ಸಂಭಾವನೆಯ ಸುಳಿವಿಲ್ಲ. ಪ್ರಕಾಶಕರಿಗೆ ಫೋನ್ ಮಾಡಿದರೆ ಎತ್ತಿಕೊಂಡದ್ದು ಅಂಗಡಿಯ ಹುಡುಗ. ಯಾವ ನಿಘಂಟನ್ನೂ ನೋಡದೆ ಅಂದ:

‘ಸಾಹೇಬ್ರು ಇಲ್ವಲ್ಲ ಸಾರ್.’